ಅರಿವೆಯ ಅರಿವು

ಬಟ್ಟೆಗೆ ನಮ್ಮ ಮನೆಗಳಲ್ಲಿ ಹಲವು ಜನ್ಮಗಳುಂಟು. ಪುನರ್ಜನ್ಮದಲ್ಲಿ ನಂಬಿಕೆಯಿಲ್ಲದವರೂ ಬಟ್ಟೆಯ ಮಟ್ಟಿಗೆ ಅದನ್ನು ಒಪ್ಪಲೇಬೇಕು. ಅಂಗಡಿಯಿಂದ ಬಂದ ಪಂಚೆ ಮೊದಲು ಹಬ್ಬದ ಪಂಚೆ; ಅಂಚು ಮಾಸಿದ ಮೇಲೆ ಮನೆಯಲ್ಲಿ ಉಡುವ ಪಂಚೆ; ನಡುವೆ ಹರಿದ ಮೇಲೆ ಮೈ ಒರೆಸುವ ಎರಡು ತುಂಡು; ಅದೂ ಜಾಳಾದ ಮೇಲೆ ಒಲೆಯಿಂದ ಪಾತ್ರೆ ಇಳಿಸುವ ಮಸಿಬಟ್ಟೆ; ಕಡೆಗೆ ನೆಲ ಒರೆಸುವ ಬಟ್ಟೆಯಾಗಿ ಅದಕ್ಕೆ ಮೋಕ್ಷ. ಮಧ್ಯಮ ವರ್ಗದವರ ಕೈಗೆ ಕಾರು ಎಟುಕಿದ ಮೇಲೆ ಈ ಪರಂಪರೆಯಲ್ಲಿ, ಮಸಿಬಟ್ಟೆಗೂ ನೆಲದ ಬಟ್ಟೆಗೂ ನಡುವೆ, ಒಂದು ಹೊಸ ಅವತಾರ ಸೇರಿಕೊಂಡಿದೆ. ಅದೇ ಕಾರು ಒರೆಸುವ ಬಟ್ಟೆ.

ಹತ್ತು ಲಕ್ಷ ರೂಪಾಯಿ ಕೊಟ್ಟು ಕಾರು ತರುವ ಗೃಹಸ್ಥನನ್ನು ನೋಡಿ. ಬಣ್ಣ ಯಾವುದಿರಬೇಕೆಂದು ಮನೆಯವರೆಲ್ಲ ಕೂತು ಮೂರು ವಾರ ಚರ್ಚೆ ನಡೆಸುತ್ತಾರೆ. ಮುತ್ತಿನ ಬಿಳುಪೇ, ಬೂದಿಯ ಛಾಯೆಯೇ, ಕಡುನೀಲಿಯೇ ಎಂದು ಪಟ್ಟಿ ಹಿಡಿದು ಅಂಗಡಿಗೂ ಮನೆಗೂ ಓಡಾಡುತ್ತಾರೆ. ಕಾರು ಬಂದು, ನಿಂಬೆಹಣ್ಣು ಚಕ್ರದಡಿ ಸಿಕ್ಕಿ, ಪೂಜೆ ಮುಗಿದ ಮರುದಿನ, ಅದನ್ನು ಒರೆಸುವುದಕ್ಕೆ ಮನೆಯೊಳಗಿಂದ ಹೊರಡುವುದು ಕಂಕುಳಲ್ಲಿ ತೂತಾದ ಒಂದು ಬನಿಯನ್ನು! ಅದು ಹತ್ತಿಯದಾದರೆ ಪುಣ್ಯ. ಗುಂಡಿ ಕೀಳದ ಅಂಗಿಯೋ, ಜರಿ ಅಂಚಿನ ಸೀರೆಯ ತುಂಡೋ ಆದರೆ ಆ ಮುತ್ತಿನ ಬಿಳುಪಿನ ಗತಿಯನ್ನು ದೇವರೇ ನೋಡಿಕೊಳ್ಳಬೇಕು.

ಮೈಸೂರಿನಲ್ಲಿದ್ದ ನನ್ನ ಸೋದರಮಾವನವರ ಬಳಿ ಒಂದು ಕರಿಯ ಅಂಬಾಸಿಡರ್ ಇತ್ತು. ಭಾನುವಾರ ಬೆಳಗ್ಗೆ ಎಣ್ಣೆಸ್ನಾನಕ್ಕೆ ಮುಂಚೆ ಅವರು ಡಬ್ಬಿಯ ಪಾಲಿಶ್ ಹಚ್ಚಿ ಕಾರನ್ನು ಉಜ್ಜುತ್ತಿದ್ದರು. ಉಜ್ಜಿ ಮುಗಿಯುವ ಹೊತ್ತಿಗೆ ಬಿಳಿಯ ಪಂಚೆಯ ತುಂಡು ಕಾಡಿಗೆ ಒರೆಸಿದಂತೆ ಕಪ್ಪಾಗುತ್ತಿತ್ತು. ಅದು ಕೊಳೆಯೆಂದು ನಾವು ಹುಡುಗರು ತಿಳಿದಿದ್ದೆವು. ಅದು ಕಾರಿನ ಬಣ್ಣವೇ. ಆ ಕಾಲದ ಕಾರುಗಳಿಗೆ ಬಣ್ಣವೇ ಹೊರಮೈ. ಪ್ರತಿ ಭಾನುವಾರವೂ ಆ ಬಣ್ಣದ ಒಂದು ಸಣ್ಣ ಪಾಲು ಪಂಚೆಗೆ ಬರುತ್ತಿತ್ತು. ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಉಜ್ಜಿದಷ್ಟೂ ಸಹಿಸಿಕೊಳ್ಳುವ ಆ ಸ್ವಭಾವವೂ ಅದರೊಡನೆಯೇ ಹೋಯಿತೆನ್ನಬಹುದು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಬಣ್ಣವಿಲ್ಲದ ಇನ್ನೊಂದು ಪದರವಿರುತ್ತದೆ. ಹೊಳಪೆಲ್ಲ ಅದರದು. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಗೂದಲಿನ ಒಂದೆಳೆ ಸುಮಾರು 70 ಮೈಕ್ರಾನ್ ದಪ್ಪ. ಎಂದಮೇಲೆ ಹತ್ತು ಲಕ್ಷದ ಕಾರಿನ ಸೊಬಗೆಲ್ಲ ಒಂದು ಕೂದಲಿಗಿಂತ ತೆಳುವಾದ ಹೊದಿಕೆಯಲ್ಲಿದೆ. ಅದರ ಮೇಲೆ ಕೂರುವುದು ನಮ್ಮ ಊರಿನ ಧೂಳು. ಧೂಳೆಂದು ಹಗುರವಾಗಿ ಕಾಣಬೇಡಿ. ಲಾಲ್‌ಬಾಗಿನ ಬಂಡೆಯನ್ನು ನೋಡಿದ್ದೀರಲ್ಲವೇ? ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸಿನ ಆ ಕಲ್ಲಿನ ಬಳಗವೇ ಬೆಂಗಳೂರಿನ ಅಡಿಗೆಲ್ಲ ಹಾಸಿಕೊಂಡಿದೆ. ಅದು ಸವೆದು ಪುಡಿಯಾದಾಗ ಉಳಿಯುವ ಗಟ್ಟಿ ಕಣವೇ ಬೆಣಚುಕಲ್ಲು. ಕಾಠಿಣ್ಯದ ಅಳತೆಯಲ್ಲಿ ವಜ್ರಕ್ಕೆ 10 ಆದರೆ ಇದಕ್ಕೆ 7, ಗಾಜನ್ನೇ ಗೀಚುತ್ತದೆ. ಇಂಥ ಧೂಳು ಕೂತ ಕಾರನ್ನು ಒಣಬಟ್ಟೆಯಲ್ಲಿ ಬರಬರನೆ ಒರೆಸುವುದೆಂದರೆ, ಮುನ್ನೂರು ಕೋಟಿ ವರ್ಷದ ಬಂಡೆಯಿಂದ ಮೊನ್ನೆ ತಂದ ಕಾರನ್ನು ಮಸೆದಂತೆಯೇ.

ಇದೆಲ್ಲ ನನಗೆ ಸುಮ್ಮನೆ ತಿಳಿದದ್ದಲ್ಲ. ಒಬ್ಬ ಮನುಷ್ಯನ ಅನ್ನದ ಪ್ರಶ್ನೆ ಎದುರಿಗೆ ಬಂದು ನಿಂತಾಗ ತಿಳಿದದ್ದು. ನಾವಿರುವ ಕಟ್ಟಡದಲ್ಲಿ ಹದಿನೆಂಟು ಮನೆ, ಹದಿನೆಂಟು ಕಾರು. ಬೆಳಗ್ಗೆ ಐದೂವರೆಗೆ ಬಂದು ಎಂಟರೊಳಗೆ ಅಷ್ಟನ್ನೂ ಒರೆಸಿ ಹೋಗುವವನು ರಾಯಚೂರಿನ ಕಡೆಯವನೊಬ್ಬ. ಊರಿನಲ್ಲಿ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ನಮ್ಮ ಕಾರುಗಳು ಹೊಳೆದರೆ ಅವಳ ಫೀಜು ಕಟ್ಟಿದಂತೆ. 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ನೀರಿನ ಬರ ಬಂದದ್ದು ವಾಚಕರಿಗೆ ನೆನಪಿರಬಹುದು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಲಿ ಆಜ್ಞೆ ಹೊರಡಿಸಿತು. ನ್ಯಾಯವಾದ ಆಜ್ಞೆಯೇ; ಮನುಷ್ಯನ ಗಂಟಲು ಒಣಗುತ್ತಿರುವಾಗ ಕಾರಿಗೆ ಅಭಿಷೇಕವೇಕೆ? ನಮ್ಮ ಕಟ್ಟಡದಲ್ಲಿ ಅದು ‘ಒಣಬಟ್ಟೆಯಲ್ಲೇ ಒರೆಸು’ ಎಂಬ ಅಪ್ಪಣೆಯಾಗಿ ಆತನಿಗೆ ಮುಟ್ಟಿತು. ಮಳೆ ಬಂದ ಮೇಲೆ ಅಪ್ಪಣೆ ಸ್ವಲ್ಪ ಸಡಿಲವಾಯಿತು: ಹದಿನೆಂಟು ಕಾರಿಗೆ ಒಂದು ಬಕೀಟು ನೀರು.

ನವೆಂಬರಿನ ಎಳೆಬಿಸಿಲಿನಲ್ಲಿ ಕರಿಯ ಕಾರಿನ ಮಹನೀಯರೊಬ್ಬರು ತಮ್ಮ ಬಾನೆಟ್ಟನ್ನು ಬಗ್ಗಿ ನೋಡಿದರು. ಅಲ್ಲಿ ಪ್ರತಿಬಿಂಬಿಸಿದ ಸೂರ್ಯನ ಸುತ್ತ ಜೇಡರ ಬಲೆಯಂತೆ ನೂರಾರು ಸಣ್ಣ ಗೆರೆಗಳು! ಆ ಭಾನುವಾರವೇ ಸಭೆ ಸೇರಿತು. ಒರೆಸುವವನ ಕೈ ಒರಟು, ಅವನನ್ನು ತೆಗೆದು ಬೇರೆಯವನನ್ನು ಇಡಬೇಕು, ಈ ತಿಂಗಳ ಸಂಬಳವನ್ನು ಹಿಡಿಯಬೇಕು ಎಂದು ಮಾತು ಬೆಳೆಯಿತು. ಆತನನ್ನೂ ಕರೆಸಿದರು. ಬಂದವನು ಹೆಗಲ ಮೇಲಿನ ತುಂಡನ್ನು ತೆಗೆದು ಮೇಜಿನ ಮೇಲಿಟ್ಟ. ಅದು ಒಂದು ಕಾಲದಲ್ಲಿ ಯಾರದೋ ಹಾಸಿಗೆಯ ಹೊದಿಕೆ.

“ಒಂದ ಅರಿವಿ, ಒಂದ ಬಕೀಟ ನೀರು, ಹದಿನೆಂಟ ಗಾಡಿ. ಮೊದಲನೇ ಗಾಡಿ ಉಸುಕು ಹದಿನೆಂಟನೇ ಗಾಡಿಗೆ ಹೋಗ್ತೈತ್ರೀ. ಇದರಾಗ ನನ್ನ ಕೈದು ತಪ್ಪೇನೈತಿ ಹೇಳ್ರಿ? ಅರಿವಿ ಕೊಡ್ರಿ ಅಂತ ದೀಪಾವಳಿಗೇ ಕೇಳೀನಿ” ಎಂದ.

ಅವನ ಕಡೆ ಬಟ್ಟೆಗೆ ‘ಅರಿವಿ’ ಎನ್ನುತ್ತಾರೆ. ಬರವಣಿಗೆಯಲ್ಲಿ ಅದೇ ‘ಅರಿವೆ’. ಅರಿವೆಗೂ ಅರಿವಿಗೂ ಇರುವುದು ಒಂದು ಸ್ವರದ ಅಂತರವಷ್ಟೆ ಎಂದು ನನಗೆ ಹೊಳೆದದ್ದು ಆ ಹೊತ್ತಿನಲ್ಲಿ. ಅಷ್ಟು ಜನ ಪದವೀಧರರು ಸೇರಿದ್ದ ಸಭೆಯಲ್ಲಿ ಗೆರೆ ಎಲ್ಲಿಂದ ಬಂತೆಂದು ಕಾರಣ ಹೇಳಿದವನು ಆತನೊಬ್ಬನೇ. ತೀರ್ಮಾನವನ್ನು ಮುಂದಿನ ಭಾನುವಾರಕ್ಕೆ ಇಡಿ, ಬಟ್ಟೆಯ ವಿಚಾರ ನಾನು ನೋಡುತ್ತೇನೆ ಎಂದು ನಾನು ಹೇಳಿದೆ. ನಿವೃತ್ತನಾದವನಿಗೆ ಕೆಲಸ ಸಿಕ್ಕಿತೆಂದು ಸಭೆ ಸಂತೋಷದಿಂದ ಒಪ್ಪಿತು.

ಮರುದಿನವೇ ಆತನನ್ನೂ ಕರೆದುಕೊಂಡು ಜೆ.ಸಿ. ರಸ್ತೆಗೆ ಹೋದೆ. ಮೋಟಾರಿಗೆ ಸಂಬಂಧಪಟ್ಟದ್ದು ಏನು ಬೇಕಾದರೂ ಅಲ್ಲಿ ಸಿಗುತ್ತದೆ. ಅಂಗಡಿಯವನು ಒಂದೊಂದನ್ನೇ ಹಲಗೆಯ ಮೇಲೆ ಹರವಿದ. ಮೊದಲನೆಯದು ಎಲ್ಲರೂ ಬಲ್ಲ ಹಳದಿ ಬಟ್ಟೆ. ಬೆಲೆ ಅಗ್ಗ, ಮೈ ಮೃದು, ಆದರೆ ನೀರನ್ನು ಹೀರುವುದಕ್ಕಿಂತ ಹೆಚ್ಚಾಗಿ ಸವರುತ್ತದೆ, ಜುಂಗು ಬಿಡುತ್ತದೆ. ಎರಡನೆಯದು ಶಾಮಿ ಚರ್ಮ. ಯೂರೋಪಿನ ಬೆಟ್ಟಗಳಲ್ಲಿರುವ ಒಂದು ಬಗೆಯ ಕಾಡುಮೇಕೆಯಿಂದ ಅದಕ್ಕೆ ಆ ಹೆಸರು. ಈಗ ಕುರಿಯ ಚರ್ಮವನ್ನು ಮೀನೆಣ್ಣೆಯಲ್ಲಿ ಹದ ಮಾಡಿ ತಯಾರಿಸುತ್ತಾರೆ. ನೀರು ಕುಡಿಯುವುದರಲ್ಲಿ ಅದು ಗಟ್ಟಿಗ; ಒಣಗಿದರೆ ಹಪ್ಪಳವಾಗುತ್ತದೆ. ನಮ್ಮ ಕಟ್ಟಡದಲ್ಲಿ ಮಡಿಯವರಿರುವುದರಿಂದ ಕುರಿಯನ್ನೂ ಮೀನನ್ನೂ ಒಟ್ಟಿಗೆ ಒಳಗೆ ತರುವ ಧೈರ್ಯ ನನಗಾಗಲಿಲ್ಲ. ಮೂರನೆಯದು ಕೊಳವೆ ಡಬ್ಬಿಯಲ್ಲಿ ಸುತ್ತಿಟ್ಟ ಕೃತಕ ಶಾಮಿ. ಈ ಎರಡು ಶಾಮಿಗಳಿಗೂ ಒಂದೇ ದೋಷ: ಮೈ ನುಣ್ಣಗಿರುವುದರಿಂದ, ತೊಳೆದರೂ ಉಳಿದ ಮರಳಿನ ಕಣ ಅಡಗಿಕೊಳ್ಳುವುದಕ್ಕೆ ಅವುಗಳಲ್ಲಿ ತಾವಿಲ್ಲ, ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಕಣ ಉದ್ದಕ್ಕೂ ಗೀಚಿಕೊಂಡು ಹೋಗುತ್ತದೆ.

ನಾಲ್ಕನೆಯದೇ ಮೈಕ್ರೋಫೈಬರ್. ಇಂಥ ಅತಿಸೂಕ್ಷ್ಮ ಎಳೆಯಿಂದ ಜಪಾನಿನ ಟೋರೆ ಕಂಪನಿಯ ಮಿಯೋಶಿ ಒಕಾಮೊಟೊ ಎಂಬ ವಿಜ್ಞಾನಿ 1970ರಲ್ಲಿ ಸ್ವೇಡ್ ಚರ್ಮವನ್ನು ಹೋಲುವ ಬಟ್ಟೆಯನ್ನು ಮಾಡಿದರು. ಎಳೆಯ ಆ ವಿದ್ಯೆ ಮುಂದೆ ಒರೆಸುವ ಬಟ್ಟೆಗೂ ಬಂತು. ಇದರ ಒಂಬತ್ತು ಸಾವಿರ ಮೀಟರ್ ಉದ್ದದ ಎಳೆ ಒಂದು ಗ್ರಾಂ ಕೂಡ ತೂಗುವುದಿಲ್ಲ. ಪಾಲಿಯೆಸ್ಟರು ಎಂಬತ್ತು ಪಾಲು, ನೈಲಾನ್ ಜಾತಿಯ ಪಾಲಿಯಮೈಡು ಇಪ್ಪತ್ತು ಪಾಲು, ಕೆಲವದರಲ್ಲಿ ಎಪ್ಪತ್ತು-ಮೂವತ್ತು. ಮೊದಲನೆಯದರಿಂದ ಬಾಳಿಕೆ, ಎರಡನೆಯದರಿಂದ ಮೃದುತ್ವ ಮತ್ತು ನೀರಿನ ಹಿಡಿತ. ನೇಯ್ದ ಮೇಲೆ ಪ್ರತಿ ಎಳೆಯನ್ನೂ ಸೀಳಿರುತ್ತಾರೆ. ಸೀಳಿನ ಸಂದುಗಳೊಳಕ್ಕೆ ನೀರು ಏರುತ್ತದೆ; ಎಳೆಗಳ ನಡುವಿನ ಆಳಕ್ಕೆ ಮರಳಿನ ಕಣ ಇಳಿದು ಬಣ್ಣದಿಂದ ದೂರವಾಗುತ್ತದೆ. ಸರಿಯಾಗಿ ಸೀಳಿದೆಯೋ ಇಲ್ಲವೋ ತಿಳಿಯುವುದು ಹೇಗೆಂದು ನಾನು ಕೇಳುವುದರೊಳಗೆ ನಮ್ಮ ರಾಯಚೂರಿನವನು ಬಟ್ಟೆಯ ಮೇಲೆ ಅಂಗೈ ಆಡಿಸಿ, “ಇದು ಕೈ ಹಿಡೀತೈತ್ರೀ, ಅದು ಹಿಡಿಯಂಗಿಲ್ಲ” ಎಂದ. ಅಂಗಡಿಯವನು ನಕ್ಕು ತಲೆಯಾಡಿಸಿದ. ಬಿರುಕು ಬಿಟ್ಟ ಕೈಗೆ ಒಳ್ಳೆಯ ಬಟ್ಟೆ ಕಚ್ಚಿಕೊಳ್ಳುತ್ತದೆ, ಅದೇ ಪರೀಕ್ಷೆ. ಪುಸ್ತಕ ಹಿಡಿದು ನುಣುಪಾದ ನನ್ನ ಕೈಗೆ ಎರಡೂ ಒಂದೇ ಆಗಿ ಕಂಡವು.

ಮುಂದಿನ ಪ್ರಶ್ನೆ ತೂಕದ್ದು. ಈ ಬಟ್ಟೆಯನ್ನು ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಮಾರುತ್ತಾರೆ. ಹೆಚ್ಚು ತೂಗಿದ್ದೇ ಶ್ರೇಷ್ಠವೆಂದು ಚಿನ್ನದಂಗಡಿಯ ಬುದ್ಧಿ ಇಲ್ಲಿ ಸಲ್ಲದು. ಕೆಲಸಕ್ಕೆ ತಕ್ಕ ತೂಕ ಬೇಕು. ಪಾಲಿಶ್ ಹಚ್ಚಿ ಒಣಗಿದ್ದನ್ನು ತೆಗೆಯುವುದಕ್ಕೆ 300ರಿಂದ 400 ಗ್ರಾಮಿನ ಗಿಡ್ಡ ಜುಂಗಿನ ಬಟ್ಟೆ ಸಾಕು. ಅದನ್ನು ನಾಲ್ಕು ಮಡಿಕೆ ಮಾಡಿದರೆ ತಿರುಗಿಸಿ ತಿರುಗಿಸಿ ಬಳಸುವುದಕ್ಕೆ ಎಂಟು ಮೈ ಸಿಗುತ್ತವೆ. ಒಂದು ಮೈ ಕೊಳೆಯಾದರೆ ಇನ್ನೊಂದು. ತೊಳೆದ ಕಾರನ್ನು ಒಣಗಿಸುವುದಕ್ಕೆ 500ಕ್ಕೆ ಮೇಲ್ಪಟ್ಟ ದಪ್ಪನೆಯ ಬಟ್ಟೆಯೋ ಚೌಕುಳಿ ನೇಯ್ಗೆಯದೋ ಬೇಕು. ಅದರಲ್ಲಿ ಉಜ್ಜಬಾರದು. ಒದ್ದೆಯ ಮೇಲೆ ಹಾಸಿ, ಮಗುವಿನ ತಲೆ ಒರೆಸುವಾಗ ಒತ್ತುವಂತೆ ಒತ್ತಿ, ಮೆಲ್ಲಗೆ ಎಳೆದುಕೊಂಡರೆ ಸಾಕು. ಕಾರು ತಾನಾಗಿಯೇ ಒಣಗಲೆಂದು ಬಿಡುವಂತಿಲ್ಲ. ನಮ್ಮ ಕೊಳವೆಬಾವಿಯ ಗಡಸು ನೀರು ಆರಿದರೂ ಅದರಲ್ಲಿದ್ದ ಸುಣ್ಣ ಆರುವುದಿಲ್ಲ. ಹನಿ ಇದ್ದಲ್ಲೆಲ್ಲ ಬಿಳಿಯ ಉಂಗುರ ಉಳಿಯುತ್ತದೆ. ಚಕ್ರಕ್ಕೆ ಬೇರೆಯ ಬಣ್ಣದ ಮೂರನೆಯ ಬಟ್ಟೆ. ಅದು ಎಂದೂ ಮೇಲೆ ಹತ್ತಬಾರದು.

ಮುಂದಿನ ಭಾನುವಾರ ಸಭೆಯ ಮುಂದೆ ಇಟ್ಟ ಲೆಕ್ಕ ಇಷ್ಟೆ: ಮನೆಗೆ ಮೂರು ಬಟ್ಟೆ, ಕಟ್ಟಡಕ್ಕೆ ಎರಡನೆಯ ಬಕೀಟು, ಮತ್ತು ಕುಡಿಯಲು ಬಾರದ, ಶುದ್ಧೀಕರಿಸಿದ ಬಳಸಿದ ನೀರು. ಮನೆಯೊಂದಕ್ಕೆ ಬೀಳುವ ಖರ್ಚು, ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಟೆಲಿಗೆ ಹೋಗಿಬಂದಷ್ಟು ಇರಲಿಲ್ಲ. ಆದರೂ ಮುಕ್ಕಾಲು ಗಂಟೆ ವಾದವಾಯಿತು. ಬಟ್ಟೆಗೆ ದುಡ್ಡು ಕೊಡುವುದು ನಮಗೆ ಒಗ್ಗದು; ಒರೆಸುವ ಬಟ್ಟೆ ಎಂಬುದು ಮನೆಯಲ್ಲಿ ತಾನಾಗಿ ಹುಟ್ಟಬೇಕು ಎಂಬುದು ನಮ್ಮ ಸಿದ್ಧಾಂತ. ಕಡೆಗೆ ಕರಿಯ ಕಾರಿನ ಮಹನೀಯರೇ ಮೊದಲು ಜೇಬಿಗೆ ಕೈಹಾಕಿದರು. ಸಂಬಳ ಹಿಡಿಯುವ ಮಾತು ಅಲ್ಲಿಗೇ ನಿಂತಿತು.

ಆತ ಬಟ್ಟೆಯ ಮೂಲೆಯ ಚೀಟಿಗಳನ್ನೆಲ್ಲ ಕತ್ತರಿಸಿದ, ಅವೂ ಗೀಚುತ್ತವೆಯಂತೆ. ಒಂದೊಂದರ ಮೇಲೂ ಮನೆಯ ನಂಬರನ್ನು ನೂಲಿನಲ್ಲಿ ಹೊಲಿಸಿಕೊಂಡು ಬಂದ. ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯದೆ ಮತ್ತೆ ಬಣ್ಣಕ್ಕೆ ಮುಟ್ಟಿಸುವುದಿಲ್ಲ. ಹತ್ತಿಯ ಬಟ್ಟೆಯ ಜೊತೆ ಒಗೆದರೆ ಅದರ ಜುಂಗೆಲ್ಲ ಇದಕ್ಕೆ ಅಂಟುತ್ತದೆಂದು ಬೇರೆಯಾಗಿಯೇ ಒಗೆಯುತ್ತಾನೆ. ಬಟ್ಟೆ ಮೃದುವಾಗಲೆಂದು ಮನೆಗಳಲ್ಲಿ ಹಾಕುವ ಸುವಾಸನೆಯ ದ್ರವವನ್ನು ಇದಕ್ಕೆ ಹಾಕುವಂತಿಲ್ಲ. ಎಳೆಯ ಸಂದುಗಳನ್ನು ಅದು ಮೆತ್ತಿಬಿಡುತ್ತದೆ. ಇಸ್ತ್ರಿಯಂತೂ ಕೂಡದು, ಎಳೆ ಕರಗುತ್ತದೆ. ಐವತ್ತನಾಲ್ಕು ಬಟ್ಟೆಗಳು ತಾರಸಿಯ ನೆರಳಿನಲ್ಲಿ ಸಾಲಾಗಿ ಆರುವುದನ್ನು ನೋಡಿದರೆ ಯಾವುದೋ ದೊಡ್ಡ ಮನೆಯಲ್ಲಿ ಬಾಣಂತನವಾಗಿದೆಯೇನೋ ಎನ್ನಿಸಬೇಕು. ಐವತ್ತನಾಲ್ಕು ಎಂದದ್ದು ಮೊದಲ ವಾರದ ಲೆಕ್ಕ. ಆಮೇಲೆ ಎರಡು ಕಡಮೆಯಾದವು. ಹುಡುಕಿದಾಗ ಒಂದು ಎರಡನೆಯ ಅಂತಸ್ತಿನ ಅಡಿಗೆಮನೆಯಲ್ಲಿ ಗ್ಯಾಸಿನ ಒಲೆ ಒರೆಸುತ್ತಿತ್ತು. ಇನ್ನೊಂದು ನಮ್ಮ ಮನೆಯ ವೀಣೆಯ ಮೇಲಿತ್ತು.

ಕರಿಯ ಕಾರಿನ ಹಳೆಯ ಗೆರೆಗಳು ಏನಾದವೆಂದು ಕೇಳುತ್ತೀರೇನೋ. ಅವನ್ನು ಯಂತ್ರದಲ್ಲಿ ಪಾಲಿಶ್ ಮಾಡಿಸಿದರು, ಕಾಣದಂತಾದವು. ಗೆರೆಯನ್ನು ತುಂಬಿದರೆಂದು ತಿಳಿಯಬೇಡಿ. ಗೆರೆಯ ಆಳದ ತನಕ ಸುತ್ತಲಿನ ಪದರವನ್ನೇ ಇಳಿಸುತ್ತಾರೆ. ಕೂದಲಿಗಿಂತ ತೆಳುವಾದದ್ದು ಇನ್ನಷ್ಟು ತೆಳುವಾಗುತ್ತದೆ. ಇಂಥ ಚಿಕಿತ್ಸೆಯನ್ನು ಒಂದು ಕಾರು ತನ್ನ ಆಯುಷ್ಯದಲ್ಲಿ ಕೆಲವೇ ಸಲ ತಾಳೀತು. ಎರಡನೆಯ ಸಲ ಬೇಕಾಗಬಾರದೆಂದು ಈಗ ಆ ಮಹನೀಯರು ಬೆಳಗ್ಗೆ ಐದೂವರೆಗೇ ಎದ್ದು ಬಂದು ನಿಲ್ಲುತ್ತಾರೆ. ರಾಯಚೂರಿನವನು ಅವರಿಗೆ ಮೇಲಿಂದ ಕೆಳಕ್ಕೆ ಒರೆಸುವುದನ್ನು ಕಲಿಸುತ್ತಿದ್ದಾನೆ. “ಒತ್ತಬ್ಯಾಡ್ರೀ ಸಾಹೇಬ್ರ, ಅರಿವಿ ಕೆಲಸ ಅರಿವಿಗೆ ಬಿಡ್ರಿ” ಎಂದು ಗದರುವುದು ನಮ್ಮ ಕಿಟಕಿಗೆ ಕೇಳಿಸುತ್ತದೆ. ಮಗಳು ಮೂರನೆಯ ವರ್ಷಕ್ಕೆ ಬಂದಿದ್ದಾಳೆ.

ಇಷ್ಟೆಲ್ಲ ಆದಮೇಲೂ ಮುಂದಿನ ಗಾಜಿಗೆ ಮಾತ್ರ ಆತ ಹೊಸ ಬಟ್ಟೆಯನ್ನು ಒಪ್ಪಲಿಲ್ಲ. ನೀರು ಬಿಟ್ಟು ಧೂಳು ಕಳೆದ ಮೇಲೆ ಹಳೆಯ ಪತ್ರಿಕೆಯ ಹಾಳೆಯನ್ನು ಮುದ್ದೆ ಮಾಡಿ ಒರೆಸಿದರೆ ಬರುವ ಹೊಳಪು ಯಾವ ಜಪಾನಿನ ಎಳೆಯಿಂದಲೂ ಬಾರದೆಂಬುದು ಅವನ ನಂಬಿಕೆ. ಅದರಲ್ಲೂ ಭಾನುವಾರದ ಪುರವಣಿಯೇ ಬೇಕೆಂದು ಸೋಮವಾರ ಬೆಳಗ್ಗೆ ಬಾಗಿಲು ತಟ್ಟುತ್ತಾನೆ. ತಾವು ಓದಿ ಮುಗಿಸಿದ್ದರೆ ಈ ಹಾಳೆಯನ್ನೂ ಧಾರಾಳವಾಗಿ ಕೊಡಬಹುದು. ಗಾಜಿಗೆ ಮಾತ್ರ, ಬಣ್ಣದ ಮೇಲೆ ಬೇಡ.