ಬರಿಗಾಲಿನ ಆಟ

ಫುಟ್‌ಬಾಲ್ ಆಡುವುದಾದರೆ ಬರಿಗಾಲಲ್ಲೇ ಆಡಬೇಕು. ಬಿರುಸಾಗಿ ಬಂದ ಚೆಂಡಿಗೆ ಪಾದವನ್ನು ಮುಂಚಾಚಿ, ತಾಗುವ ಹೊತ್ತಿಗೆ ತುಸು ಹಿಂದೆಳೆದುಕೊಂಡರೆ ಅದು ಅಲ್ಲೇ ತಣ್ಣಗಾಗುತ್ತದೆ. ಗಾಳಿ ಎಷ್ಟಿದೆ, ಹೊಲಿಗೆ ಯಾವ ಕಡೆಗಿದೆ, ಅಂಗಾಲಿಗೇ ಗೊತ್ತಾಗುತ್ತದೆ. ಬೆರಳ ತುದಿಯಿಂದ ಒದ್ದವನ ಉಗುರು ಉಳಿಯುವುದಿಲ್ಲ. ಪಾದದ ಒಳಮಗ್ಗುಲು, ಮೇಲ್ಭಾಗ, ಇವೇ ನಮ್ಮ ಬಂಡವಾಳ.

ತಿಪಟೂರು, ತುರುವೇಕೆರೆ ಕಡೆಯ ಹುಡುಗರು ಉದುರಿದ ತೆಂಗಿನ ಹರಳನ್ನು ಒದ್ದೇ ಕಾಲು ಪಳಗಿಸುತ್ತಾರೆ. ಹಳೇ ತೋಟದಲ್ಲಿ ಮರದಿಂದ ಮರಕ್ಕೆ 30 ಅಡಿ, ನಿಜವಾದ ಗೋಲಿನ ಅಗಲ 24 ಅಡಿ. ತೋಟದಲ್ಲಿ ಗೋಲು ಕಾಯುವವನ ಪಾಡು ಯಾರಿಗೂ ಬೇಡ! ಉತ್ತ ಮಣ್ಣಲ್ಲಿ ಚೆಂಡು ಎತ್ತ ಪುಟಿಯುತ್ತದೋ ಹೇಳಲಾಗದು, ಅದಕ್ಕೇ ಕಾಲಿಗೆ ಅಂಟಿಸಿಕೊಂಡೇ ಓಡಬೇಕು. “ತಲೆ ಮೇಲೆ ಕಾಯಿ ಬಿದ್ದಾತು, ಈಚೆ ಬರ್ರೋ” ಅಂತ ಅಜ್ಜಿಯಂದಿರು ಕೂಗುತ್ತಲೇ ಇರುತ್ತಾರೆ.

ಹೀಗೆ ಕಾಲಿಗೆ ಅಂಟಿಸಿಕೊಂಡು ಓಡುವ ವಿದ್ಯೆಯಲ್ಲಿ ನನ್ನ ಆರಾಧ್ಯದೈವ ಬೆಂಗಳೂರಿನ ಅಹ್ಮದ್ ಖಾನ್. ಹುಟ್ಟಿದ್ದು 1926ರಲ್ಲಿ. ಬೆಂಗಳೂರು ಮುಸ್ಲಿಮ್ಸ್ ತಂಡ 1937, 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಾಗ ಅವರಿನ್ನೂ ಹುಡುಗ. ಆಮೇಲೆ ಬಂತಲ್ಲ ಮಹಾಯುದ್ಧ, 1940 ಮತ್ತು 1944ರ ಎರಡು ಒಲಿಂಪಿಕ್ಸ್‌ಗಳನ್ನೂ ನುಂಗಿತು. ಕಾಲಲ್ಲಿ ಕಸುವಿದ್ದ ಎಷ್ಟೋ ಆಟಗಾರರ ಒಳ್ಳೆಯ ವರ್ಷಗಳು ಹಾಗೇ ಹೋದವು, ನೆನೆದರೆ ಸಂಕಟವಾಗುತ್ತದೆ. ಯುದ್ಧ ಮುಗಿದಾಗ ಅಹ್ಮದ್ ಖಾನ್‌ಗೆ ಬರೀ ಹದಿನೆಂಟು. ನಮ್ಮ ಪುಣ್ಯ.

1948ರ ಜುಲೈ 31, ಲಂಡನ್ ಒಲಿಂಪಿಕ್ಸ್, ಎದುರಿಗೆ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲು. ಮೈಸೂರು ತಂಡದ ಸಾರಂಗಪಾಣಿ ರಾಮನ್ 70ನೇ ನಿಮಿಷದಲ್ಲಿ ಗೋಲು ಹೊಡೆದು ಸಮ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಸಿಕ್ಕ ಎರಡು ಪೆನಾಲ್ಟಿಗಳು ಕೈತಪ್ಪಿ, ಇನ್ನೇನು ಮುಗಿಯಿತು ಅನ್ನುವಾಗ ಫ್ರಾನ್ಸ್ 2-1 ಮಾಡಿಕೊಂಡಿತು. ಸೋತರೂ ಆ ಆಟ ನನಗೆ ಅಚ್ಚುಮೆಚ್ಚು.

ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನಲ್ಲಿ ಅಹ್ಮದ್ ಖಾನ್, ವೆಂಕಟೇಶ್, ಧನರಾಜ್, ಅಪ್ಪಾರಾವ್, ಸಾಲೇ ಐವರೂ ಪಂಚಪಾಂಡವರೆಂದೇ ಹೆಸರಾದರು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ನಮ್ಮನ್ನು 10-1ರಿಂದ ಬಡಿಯಿತು. ಆ ಒಂದು ಗೋಲು ಅಹ್ಮದ್ ಖಾನ್ ಅವರದು. ಅದಾದ ಮೇಲೆ ನಮ್ಮ ಆಟಗಾರರಿಗೆ ಬೂಟು ಕಡ್ಡಾಯವಾಯಿತು.

ಸರಿಯೇ, ಬೂಟುಗಾಲಿನ ತುಳಿತಕ್ಕೆ ಬರಿಗಾಲು ಒಡ್ಡಬಾರದು. ನಮ್ಮ ಹುಡುಗರೂ ಪಂದ್ಯಕ್ಕೆ ಬೂಟು ಹಾಕಿಕೊಂಡೇ ಹೋಗುತ್ತಾರೆ. ಆದರೆ ಚೆಂಡು ತಡೆಯುವುದನ್ನು ಕಲಿಸುವ ಸಂಜೆಗಳಲ್ಲಿ ಬೂಟೆಲ್ಲ ಬದುವಿನ ಮೇಲಿರಬೇಕು, ಈ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.