ಮಳೆಗಾಲಕ್ಕೆ ಇರೋರು

ಸ್ವಯಂಸೇವೆಗೆಂದು ನನಗೆ ಕೊಟ್ಟ ಪತ್ರದಲ್ಲಿ ಕೆಲಸದ ಅವಧಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಂದಿತ್ತು. ಊರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ ಕಡೆಯ ಒಂದು ಸಿದ್ದಿ ಕೇರಿ. ಸಂಜೆ ಮಕ್ಕಳಿಗೆ ಕನ್ನಡ ಓದಿಸುವುದು ಕೆಲಸ, ಸಂಬಳವಿಲ್ಲ. ಮುಂಚಿತವಾಗಿ ಒಮ್ಮೆ ನೋಡಿ ಬನ್ನಿ ಎಂದು ಮೇ ತಿಂಗಳಲ್ಲಿ ಕಳಿಸಿದರು.

ಹೊರಡುವ ಮೊದಲು ಸಿದ್ದಾಪುರದಲ್ಲಿ ಕೊಟ್ಟ ತರಬೇತಿಯಲ್ಲಿ ಹೇಳಿದ್ದರಲ್ಲಿ ಹೆಚ್ಚಾಗಿ ಮನಸ್ಸಿನಲ್ಲಿ ನಿಂತದ್ದು ಮಂಗನ ಕಾಯಿಲೆಯ ಪಾಠ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗು ಕಚ್ಚುವುದರಿಂದ ಬರುತ್ತದೆ, ಬೇಸಿಗೆಯೇ ಅದರ ಕಾಲ. ಸೊಪ್ಪಿಗೆ, ಸೌದೆಗೆ, ತರಗೆಲೆಗೆ ಕಾಡು ಹೊಗಲೇಬೇಕಾದವರಿಗೆ ಅದು ಬರುತ್ತದೆ. ಕೈಕಾಲಿಗೆ ಎಣ್ಣೆ ಹಚ್ಚಿಕೊಂಡು ಹೋಗಿ ಎಂದರು. ಮಂಡ್ಯದ ಗದ್ದೆ ಬಯಲಲ್ಲಿ ಬೆಳೆದ ನನಗೆ ಕಾಡೆಂದರೆ ನೆರಳು, ತಂಪು ಅಷ್ಟೇ ಆಗಿತ್ತು.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ದಾರಿಯಲ್ಲಿ ಸಹಸ್ರಲಿಂಗಕ್ಕೆ ಇಳಿದೆ. ಬೇಸಿಗೆಯಲ್ಲಿ ಶಾಲ್ಮಲಾ ನದಿ ಸೊರಗಿದಾಗ, ಸೋದೆ ಅರಸರ ಕಾಲದಲ್ಲಿ ಬಂಡೆಗಳ ಮೇಲೆ ಕಡೆದ ಲಿಂಗ, ಬಸವಗಳೆಲ್ಲ ಹೊರಗೆ ಕಾಣುತ್ತವೆ. ಅಂದು ರಜೆಯ ಜನ ಕಿಕ್ಕಿರಿದಿತ್ತು. ಲಿಂಗದ ಮೇಲೆ ಚಪ್ಪಲಿ ಕಾಲಿಟ್ಟು ಫೋಟೊ ತೆಗೆಸಿಕೊಳ್ಳುವವರು, ಚಿಪ್ಸ್ ಪೊಟ್ಟಣವನ್ನು ಹೊಳೆಗೆ ಬಿಡುವವರು. ನನಗೆ ಸಿಟ್ಟು ಬಂತು. ಸಿದ್ದಾಪುರ, ಶಿರಸಿ, ಯಲ್ಲಾಪುರ ಈ ಮೂರು ತಾಲ್ಲೂಕುಗಳೆಂದರೆ ಉಂಚಳ್ಳಿ, ಮಾಗೋಡು, ಸಾತೊಡ್ಡಿ ಜಲಪಾತಗಳ ಪಟ್ಟಿ ಎಂದುಕೊಂಡು ಬರುವವರಿಗೆ ಇಲ್ಲಿನ ನೀರು ನೋಡುವ ವಸ್ತು ಮಾತ್ರ. ಆ ನೀರಿನ ಇನ್ನೊಂದು ಮುಖ ನನಗೆ ತಿಳಿದದ್ದು ಮರುದಿನ.

ಬಸ್ಸಿಳಿದು ಕೇರಿಗೆ ನಡೆಯುವ ದಾರಿಯಲ್ಲಿ ಒಂದು ಹಳ್ಳ ಸಿಕ್ಕಿತು. ಕಣಕಾಲು ಮುಳುಗದಷ್ಟು ನೀರು. ಮೇಲೆ ಅಡಿಕೆ ಮರದ ಕಾಂಡಗಳನ್ನು ಜೋಡಿಸಿ ಕಟ್ಟಿದ ಕಾಲುಸಂಕ. ದಾಟಿದರೆ ಮಣ್ಣಿನ ಗೋಡೆ, ಹೆಂಚಿನ ಮಾಡಿನ ಒಂದು ಮನೆ. ಮುಂದಿನ ಮನೆಗೆ ಮತ್ತೆ ಕಾಡಿನ ದಾರಿ. ನಮ್ಮ ಕಡೆ ಊರೆಂದರೆ ಗೋಡೆಗೆ ಗೋಡೆ ತಾಗಿದ ಬೀದಿ. ಇಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳದು. ಸಂಜೆ ಪಾಠಕ್ಕೆ ಮಕ್ಕಳನ್ನು ಒಂದೆಡೆ ಸೇರಿಸುವುದೆಂದರೆ ಏನೆಂದು ಆಗಲೇ ಅಂದಾಜಾಯಿತು.

ನಾನು ಉಳಿಯಬೇಕಾದ ಮನೆಯ ಅಜ್ಜಿ ಜಗುಲಿಯಲ್ಲಿ ಕೂತು ಕವದಿ ಹೊಲಿಯುತ್ತಿದ್ದರು. ಹಳೆಯ ಸೀರೆಗಳ ತುಂಡನ್ನು ಅಂಚಿನಿಂದ ನಡುವಿಗೆ ಸುತ್ತಿ ಸುತ್ತಿ ಹೊಲಿಯುವ ಆ ಕೈ ಮಾತಾಡುವಾಗಲೂ ನಿಲ್ಲಲಿಲ್ಲ. ಮೊಮ್ಮಕ್ಕಳೊಡನೆ ಕೊಂಕಣಿ, ನನ್ನೊಡನೆ ಕನ್ನಡ. ಮನೆಯಲ್ಲಿ ಕೊಂಕಣಿಯಾಡುವ ಮಗು ಒಂದನೇ ತರಗತಿಗೆ ಹೋದ ದಿನವೇ ಇನ್ನೊಂದು ಭಾಷೆಯಲ್ಲಿ ಅಕ್ಷರ ಕಲಿಯಬೇಕು. ನನ್ನ ಕೆಲಸ ಅಲ್ಲಿಂದಲೇ ಶುರುವಾಗಬೇಕಿತ್ತು.

ಮಧ್ಯಾಹ್ನ ಕುಚ್ಚಲಕ್ಕಿ ಗಂಜಿ, ಸುಟ್ಟ ಒಣಮೀನು, ಜೊತೆಗೆ ಚಗಳಿ ಚಟ್ನಿ. ಮರದೆಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯನ್ನು ಹುರಿದು, ಮೆಣಸು, ಉಪ್ಪು, ತೆಂಗಿನಕಾಯಿ ಹಾಕಿ ಅರೆದದ್ದು. ಹುಳಿ ನಾಲಿಗೆಗೆ ತಾಗಿದ ಮೇಲೆ ಎರಡನೆಯ ಸಲ ಗಂಜಿ ಬಡಿಸಿಕೊಂಡೆ. ಬಡಿಸುತ್ತಲೇ ಅಜ್ಜಿ ಕೇಳಿದರು:

“ಮಳೆಗಾಲಕ್ಕೂ ಇರ್ತ್ರಾ ಅಕ್ಕೋರೆ?”

“ಇಲ್ಲ ಅಜ್ಜೀ, ಅಕ್ಟೋಬರಿಗೆ ಬರ್ತೀನಿ.”

“ಹಂಗಾರೆ ಎಲ್ಲರ ಹಂಗೇ” ಎಂದರು. ದನಿಯಲ್ಲಿ ಕೋಪವಿರಲಿಲ್ಲ. ಬರುವವರೆಲ್ಲ ರಸ್ತೆ ಒಣಗಿದ ಮೇಲೆ ಬರುತ್ತಾರೆ, ಮೋಡ ಕಟ್ಟುವ ಮೊದಲು ಹೋಗುತ್ತಾರೆ. ಜೂನ್ ಬಂತೆಂದರೆ ನಾನು ಬೆಳಿಗ್ಗೆ ದಾಟಿದ ಹಳ್ಳ ಸಂಕದ ಮೇಲೆ ಹರಿಯುತ್ತದೆ, ಸಣ್ಣ ಮಕ್ಕಳನ್ನು ಶಾಲೆಗೆ ಬಿಡಲು ಧೈರ್ಯ ಸಾಲದು. ಅದೇ ಹೊತ್ತಿಗೆ ಉಪ್ಪಾಗೆಯೆಂಬ ಕಾಡುಹಣ್ಣು ಮಾಗುತ್ತದೆ. ದೊಡ್ಡವರು ದಿನವಿಡೀ ಕಾಡಿನಲ್ಲಿ ಆರಿಸಿ ತಂದು, ಬಿಸಿಲಿಲ್ಲದ್ದರಿಂದ ಬೆಂಕಿಯ ಮೇಲೆ ಒಣಗಿಸುತ್ತಾರೆ. ಅಡಿಕೆ ತೋಟದ ಕೂಲಿ ಕಡಿಮೆಯಾಗುವ ಆ ತಿಂಗಳುಗಳಲ್ಲಿ ಕೈಗೆ ಕಾಸು ಬರುವುದು ಅದರಿಂದ. ಮಕ್ಕಳು ಮನೆಯಲ್ಲೇ. ಅಕ್ಟೋಬರಿನಲ್ಲಿ ಶಾಲೆಗೆ ಮರಳಿದ ಮಗು ಹಿಂದೆ ಬಿದ್ದಿರುತ್ತದೆ. ಓದು ಬಾರದ ಮಕ್ಕಳೆಂದು ಅವರಿಗೆ ಹೆಸರು ಬರುವುದು ಹೀಗೆ.

ಸಿದ್ದಿ ಜನರ ಬಗ್ಗೆ ಹಾಗೆ ಹೇಳುವುದು ಅನ್ಯಾಯ. ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡವರು ಈ ಘಟ್ಟದ ಕಾಡು ಸೇರಿದರು. ಹಿಂದೂ, ಮುಸ್ಲಿಂ, ಕ್ರೈಸ್ತರೆಂದು ಮೂರಾಗಿ ಬೆಳೆದರೂ ಸಿದ್ದಿಗಳಾಗಿಯೇ ಉಳಿದರು. ಇದೇ ಮಂಚಿಕೇರಿಯ ಸಿದ್ದಿಗಳು ನೀನಾಸಂ ಜೊತೆಗೂಡಿ ಚಿನುವಾ ಅಚೆಬೆಯ ಕಾದಂಬರಿಯನ್ನು ಕನ್ನಡ ರಂಗದ ಮೇಲೆ ತಂದರು. ಪರಿಶಿಷ್ಟ ಪಂಗಡದ ಮಾನ್ಯತೆಗೆ ಮಾತ್ರ 2003ರವರೆಗೆ ಕಾಯಬೇಕಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು, ಈ ಸಮುದಾಯದಿಂದ ಶಾಸಕಾಂಗಕ್ಕೆ ಹೋದ ಮೊದಲಿಗರು ಅವರು. ಅಕ್ಷರಕ್ಕೆ ಬೆನ್ನು ತಿರುಗಿಸಿದ ಜನ ಇವರಲ್ಲ. ಹಳ್ಳ ದಾಟುವ ದಾರಿ ಸಿಕ್ಕಿದವರು ಎಷ್ಟು ದೂರ ಹೋದರೆಂದು ಎಲ್ಲರಿಗೂ ಕಾಣುತ್ತಿದೆ.

ನನ್ನಂಥವರನ್ನು ಕಳಿಸುವವರು ಕೆಲಸದ ತಿಂಗಳನ್ನು ನಮ್ಮ ಅನುಕೂಲ ನೋಡಿ ಗೊತ್ತು ಮಾಡುತ್ತಾರೆ. ವಾಹನ ಓಡಬೇಕು, ವರದಿಗೆ ಫೋಟೊ ಬೇಕು, ನಾವು ಕಾಯಿಲೆ ಬೀಳಬಾರದು. ಇದರಲ್ಲಿ ಯಾವುದೂ ಸುಳ್ಳಲ್ಲ. ಆದರೆ ಶಾಲೆ ತಾನಾಗಿ ನಡೆಯುವ ತಿಂಗಳುಗಳಲ್ಲಿ ಇನ್ನೊಬ್ಬ ಟೀಚರಾಗಿ ಬರುವುದಕ್ಕಿಂತ, ಶಾಲೆಗೆ ಹೋಗಲಾಗದ ತಿಂಗಳುಗಳಲ್ಲಿ ಹಳ್ಳದ ಈಚೆ ದಡದಲ್ಲಿ, ಮಕ್ಕಳ ಜೊತೆಗೇ ಇರುವುದು ದೊಡ್ಡ ಕೆಲಸ. ಅಲ್ಲಿನ ಯಾವುದಾದರೂ ಮನೆಯ ಜಗುಲಿಯಲ್ಲಿ ಐದಾರು ಮಕ್ಕಳು ಸೇರಿದರೂ ಸಾಕು, ಪಾಠ ನಡೆಯುತ್ತದೆ.

ಯಲ್ಲಾಪುರ ತಲುಪಿದ ಸಂಜೆಯೇ ಅವಧಿ ಬದಲಿಸಿಕೊಡಿ ಎಂದು ಬರೆದೆ. ಜೂನ್ ಮೊದಲ ವಾರವೇ ಬರಲು ಒಪ್ಪಿಗೆ ಸಿಕ್ಕಿದೆ. ಮುಂದೆ ಬರುವವರಿಗೂ ನನ್ನ ಕೋರಿಕೆ ಇಷ್ಟೇ: ಈ ಮೂರು ತಾಲ್ಲೂಕುಗಳಿಗೆ ಸೇವೆಗೆಂದು ಬರುವುದಾದರೆ ಮಳೆಗಾಲಕ್ಕೆ ಬನ್ನಿ.