ಬಸಿದ ನೀರು

ಸೋಮವಾರ, ಬೆಳಿಗ್ಗೆ ಆರೂ ಮುಕ್ಕಾಲು. ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯ ಅಡುಗೆಮನೆ. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೂದಲಿಗೆ ಟೋಪಿ ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟರೆ ಮೊದಲು ಮಂಜಾಗುವುದು ಕನ್ನಡಕ. ಇಡ್ಲಿ ಹಬೆ. ಒರೆಸಿಕೊಂಡು ನೋಡುತ್ತೇನೆ: ಎರಡು ಕೊಪ್ಪರಿಗೆಯಲ್ಲಿ ಸಾಂಬಾರು ಕುದಿಯುತ್ತಿದೆ. ಒಂದಕ್ಕೆ ಉಪ್ಪು ಬಿದ್ದಿದೆ, ಇನ್ನೊಂದಕ್ಕೆ ಇಲ್ಲ. ನೋಟಕ್ಕೆ ಎರಡೂ ಒಂದೇ. ರುಚಿ ನೋಡಿ ಹೇಳುವುದು ನನ್ನ ಕೆಲಸ.

“ಏನವ್ವ, ಇವತ್ತು ಯಾರ್ ಬಾಯಿಗೆ ಬೀಗ?” ಅಡುಗೆಯಣ್ಣ ಸೌಟು ಒರೆಸುತ್ತಾ ಕೇಳುತ್ತಾನೆ. ದಿನಾ ಇದೇ ಪ್ರಶ್ನೆ. ರಾತ್ರಿ ವಾರ್ಡುಗಳಿಂದ ಬಂದ ಚೀಟಿಗಳನ್ನು ನಾನು ಜೋರಾಗಿ ಓದಬೇಕು, ಅವನು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು. ಸಾದಾ ಊಟ, ಶುಗರ್ ಊಟ, ಉಪ್ಪಿಲ್ಲದ್ದು, ಮೆತ್ತಗಿನದು, ಗಂಜಿ, ಟ್ಯೂಬ್ ಫೀಡ್. ಇಲ್ಲಿ ಯಾರಿಗೂ ಹೆಸರಿಲ್ಲ, ಬೆಡ್ ನಂಬರ್ ಮಾತ್ರ. ನನಗೂ ಇಲ್ಲ. ನಾನು ‘ಇಂಟರ್ನ್’. ಆರು ತಿಂಗಳಲ್ಲಿ ಎರಡು ಮುಗಿದಿದೆ. ಇನ್ನೂ ನಾಲ್ಕು ಕಳೆದು ಪರೀಕ್ಷೆ ಪಾಸಾದರೆ ರಿಜಿಸ್ಟರ್ಡ್ ಡಯಟಿಷಿಯನ್. ಅಲ್ಲಿಯವರೆಗೆ ಸಂಬಳವಿಲ್ಲ, ಮಧ್ಯಾಹ್ನದ ಊಟ ಉಂಟು. ಅದಕ್ಕೆ ಉಪ್ಪೂ ಇರುತ್ತದೆ.

ಹನ್ನೊಂದಕ್ಕೆ ಡಯಾಲಿಸಿಸ್ ಘಟಕ. ಯಂತ್ರಗಳ ಸಣ್ಣ ಗುಂಯ್ ಶಬ್ದ. ಮಂಡ್ಯದ ಕಡೆಯ ರೈತರೊಬ್ಬರು, ಐವತ್ತರ ಆಸುಪಾಸು, ವಾರಕ್ಕೆ ಎರಡು ಸಲ ಬರುವವರು, ಕೈಯಿಂದ ಹೊರಟ ಕೆಂಪು ಕೊಳವೆ ಯಂತ್ರದೊಳಗೆ ಹೋಗಿ ಬರುವುದನ್ನೇ ನೋಡುತ್ತಾ ಮಲಗಿದ್ದಾರೆ. ತೂಕ 52 ಕೆ.ಜಿ. ಕೆ.ಜಿ.ಗೆ 1.0ರಿಂದ 1.2 ಗ್ರಾಂ ಪ್ರೋಟೀನು, ಅಂದರೆ ದಿನಕ್ಕೆ 52ರಿಂದ 62 ಗ್ರಾಂ. ಮೊಟ್ಟೆಯ ಬಿಳಿಭಾಗ ತಿನ್ನಿ ಎಂದೆ. ತಲೆ ಆಡಿಸಿದರು. ಎಳನೀರು ಬೇಡ, ಬಾಳೆಹಣ್ಣು ಬೇಡ. ಆಡಿಸಿದರು. ರಾಗಿ ಕಡಿಮೆ ಮಾಡಿ, ಅನ್ನ ಉಣ್ಣಿ. ಆಡಿಸಲಿಲ್ಲ. ಮುಖ ಆ ಕಡೆ ತಿರುಗಿತು. ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ ಎಂದು ಬಸುರಿಯರಿಗೆ ಹಾಡಿಹೊಗಳುವವಳೂ ನಾನೇ. ಅದೇ ರಾಗಿಯಲ್ಲಿ ಪೊಟ್ಯಾಸಿಯಂ, ರಂಜಕವೂ ಅಕ್ಕಿಗಿಂತ ಹೆಚ್ಚಿದೆ ಎಂದು ಇವರ ಮುದ್ದೆ ಕಸಿಯುವವಳೂ ನಾನೇ. ಕೊನೆಗೆ, “ಸೊಪ್ಪು, ತರಕಾರಿ ಏನೇ ಮಾಡಿದರೂ ಜಾಸ್ತಿ ನೀರಲ್ಲಿ ಬೇಯಿಸಿ ಬಸೀಬೇಕು, ಮರೀಬೇಡಿ” ಎಂದು ಹೇಳಿ, ಇಂಗ್ಲಿಷಿನಲ್ಲಿ ಅಚ್ಚು ಹಾಕಿದ ಡಯಟ್ ಚಾರ್ಟ್ ಕೈಗಿತ್ತೆ. ಪೂರ್ತಿ ಹನ್ನೆರಡು ನಿಮಿಷ. ಹೊರಗೆ ಬೆಂಚಿನ ಮೇಲೆ ಟಿಫನ್ ಕ್ಯಾರಿಯರ್ ಹಿಡಿದು ಒಬ್ಬ ಹೆಂಗಸು ಕೂತಿದ್ದರು. ಅವರನ್ನು ದಾಟಿಕೊಂಡೇ ಹೋದೆ.

ಮಂಗಳವಾರ ಬೆಳಿಗ್ಗೆ ಒ.ಪಿ.ಡಿ. ಶುಗರ್‌ನವರ ಸಾಲು. “ಅನ್ನ ಬಿಟ್ಟು ಮುದ್ದೆ ಹಿಡಿದಿದ್ದೀನಿ, ಆದರೂ ಇಳೀತಿಲ್ಲ” ಎನ್ನುವವರು ಬೆಳಗಿನಿಂದ ಇವರೇ ನಾಲ್ಕನೆಯವರು. ಮುದ್ದೆ ಎಷ್ಟು ದೊಡ್ಡದು? ಅವರು ಎರಡೂ ಅಂಗೈ ಜೋಡಿಸಿ ತೋರಿಸುತ್ತಾರೆ. ಅಂಥವು ಎರಡು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ತಂದ ಆಹಾರ ಕೋಷ್ಟಕ ನನ್ನ ಬ್ಯಾಗಿನಲ್ಲೇ ಇರುತ್ತದೆ, 528 ಪದಾರ್ಥಗಳ ಲೆಕ್ಕ. ಅದರಲ್ಲಿ ರಾಗಿ ಇದೆ, ಮುದ್ದೆ ಇಲ್ಲ. ಮುದ್ದೆಯ ಲೆಕ್ಕವನ್ನು ಅಂಗೈ ನೋಡಿಯೇ ಹಾಕಬೇಕು.

ಮಧ್ಯಾಹ್ನ ಐ.ಸಿ.ಯು. ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬ್. 1921ರಲ್ಲಿ ಇದನ್ನು ಬಳಕೆಗೆ ತಂದ ಜಾನ್ ರೈಲ್ ಎಂಬ ಇಂಗ್ಲಿಷ್ ವೈದ್ಯರ ಹೆಸರೇ ಉಳಿದಿದೆ. 60 ಕೆ.ಜಿ. ತೂಕ, ಕೆ.ಜಿ.ಗೆ 25 ಕ್ಯಾಲೊರಿ, 1500. ಮೂರು ಗಂಟೆಗೊಮ್ಮೆ, ದಿನಕ್ಕೆ ಎಂಟು ಸಲ. ಲೆಕ್ಕ ಚೊಕ್ಕ. ಆದರೆ ನಿನ್ನೆ ಸ್ಕ್ಯಾನಿಗೆ ಒಯ್ದಾಗ ಒಂದು ಫೀಡ್ ತಪ್ಪಿದೆ, ಅದಕ್ಕೆ ಮುಂಚೆ ಹೊಟ್ಟೆ ಖಾಲಿ ಇರಲೆಂದು ಒಂದು, ಆಮೇಲೆ ವಾಂತಿಯಾದೀತೆಂದು ಇನ್ನೊಂದು. ಒಳಗೆ ಹೋದದ್ದು ಸುಮಾರು 940. ಬರೆದದ್ದನ್ನಲ್ಲ, ಹೋದದ್ದನ್ನು ಕೂಡಿಸು ಎಂದು ನನಗೆ ಕೆಲಸ ಕಲಿಸುವ ಡಯಟಿಷಿಯನ್ ಮೇಡಂ ಮೊದಲ ದಿನವೇ ಹೇಳಿದ್ದರು.

ಬುಧವಾರ ಮಕ್ಕಳ ವಾರ್ಡು. ಹದಿನಾರು ತಿಂಗಳ ಗಂಡುಮಗು, ತೂಕ ಆರೇ ಕೆ.ಜಿ. ರಟ್ಟೆಗೆ ಬಣ್ಣದ ಟೇಪು ಸುತ್ತುತ್ತೇನೆ. 11.5 ಸೆಂಟಿಮೀಟರಿಗಿಂತ ಕೆಳಗೆ ಕೆಂಪು. ಈ ಟೇಪು 10.9ಕ್ಕೆ ನಿಲ್ಲುತ್ತದೆ. ಮಗು ಅಳುವುದಿಲ್ಲ, ಅಳದ ಮಗುವನ್ನು ಕಂಡರೆ ಈಗ ನನಗೆ ಭಯ. ಹಾಲು, ಸಕ್ಕರೆ, ಎಣ್ಣೆ, ಹಿಟ್ಟು ಅಳೆದು ಕಲಸುವ ಎಫ್-75: ನೂರು ಮಿ.ಲೀ.ಗೆ 75 ಕ್ಯಾಲೊರಿ. ಎರಡು ಗಂಟೆಗೊಮ್ಮೆ 65 ಮಿ.ಲೀ., ರಾತ್ರಿಯೂ.

ತಾಯಿ ಬಟ್ಟಲೊಳಗೆ ಇಣುಕಿ ನೋಡುತ್ತಾಳೆ. ಕಬ್ಬು ಕಡಿಯುವ ಕೂಲಿಯವಳು, ನನಗಿಂತ ಚಿಕ್ಕವಳಿರಬೇಕು. “ಇಷ್ಟೇನಾ ಅಕ್ಕ? ಹಸ್ಕೊಂಡಿರೋ ಕೂಸಿಗೆ?” ನ್ಯಾಯವಾದ ಮಾತು. ಬಡವಾದ ಮೈಗೆ ಒಮ್ಮೆಲೇ ಊಟ ಸುರಿದರೆ ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಎದೆಬಡಿತವೇ ನಿಲ್ಲಬಹುದು ಎಂಬುದನ್ನು ಇವಳಿಗೆ ಹೇಗೆ ಹೇಳಲಿ? “ಬತ್ತಿದ ಗದ್ದೆಗೆ ಒಂದೇ ಸಲ ತೂಬು ಎತ್ತಿದರೆ ಏನಾಗತ್ತೆ?” ಎಂದೆ. “ಬದ ಕಿತ್ಕೊಂಡ್ ಹೋಯ್ತದೆ” ಎಂದಳು. ಬಟ್ಟಲು ಇಸಿದುಕೊಂಡು ಚಮಚದಲ್ಲಿ ಕುಡಿಸತೊಡಗಿದಳು. 65 ಮಿ.ಲೀ.ಗೆ ನಲವತ್ತು ನಿಮಿಷ ಹಿಡಿಯಿತು.

ಗುರುವಾರ ಬೆಳಿಗ್ಗೆಯೇ ಫೋನು. ಸೋಮವಾರದ ರೈತರು ಡಯಾಲಿಸಿಸ್‌ಗೆ ಬಂದಿದ್ದಾರೆ, ಕಾಲಲ್ಲಿ ಶಕ್ತಿಯಿಲ್ಲ. ಪೊಟ್ಯಾಸಿಯಂ 6.7. ಐದರ ಆಸುಪಾಸಿನಲ್ಲಿ ನಿಲ್ಲಬೇಕಾದದ್ದು. ಇ.ಸಿ.ಜಿ. ಕಾಗದದ ಮೇಲೆ ಅಲೆಗಳು ಡೇರೆಯ ಹಾಗೆ ಚೂಪಾಗಿ ಎದ್ದಿವೆ. ತುರ್ತು ಚುಚ್ಚುಮದ್ದು, ಡಯಾಲಿಸಿಸ್, ಆಮೇಲೆ ಎರಡು ದಿನ ವಾರ್ಡಿನಲ್ಲಿ. “ನೀನು ಏನು ಹೇಳಿದ್ದೆ?” ಮೇಡಂ ಕೇಳಿದರು. ಹೇಳಿದ್ದನ್ನೆಲ್ಲ ಹೇಳಿದೆ. “ಅಡುಗೆ ಯಾರು ಮಾಡೋದು?” ಅದು ನನಗೆ ಗೊತ್ತಿರಲಿಲ್ಲ.

ಶುಕ್ರವಾರ ಮಧ್ಯಾಹ್ನ, ಬೆಡ್ಡಿನ ಪಕ್ಕ ಸ್ಟೂಲು ಎಳೆದುಕೊಂಡು ಕೂತೆ. ಅದೇ ಟಿಫನ್ ಕ್ಯಾರಿಯರಿನ ಹೆಂಗಸು ಅವರ ಹೆಂಡತಿ. ಚಾರ್ಟು ನಾಲ್ಕು ಮಡಿಕೆಯಾಗಿ ಅವರ ಎಲೆಅಡಿಕೆ ಚೀಲದಲ್ಲಿ ಭದ್ರವಾಗಿತ್ತು. ಎಳನೀರು ಕೊಟ್ಟಿಲ್ಲ, ಬಾಳೆಹಣ್ಣು ಮುಟ್ಟಿಸಿಲ್ಲ, ಮುದ್ದೆಯನ್ನು ನಿಂಬೆಹಣ್ಣಿನ ಗಾತ್ರಕ್ಕೆ ಇಳಿಸಿದ್ದಾರೆ. ಮತ್ತೆ?

“ನೀವೇಳ್ದಂಗೇ ದಿನಾ ಬಸ್ದೆ ಕಣವ್ವ.”

“ಏನು ಬಸಿದಿರಿ?”

“ದಂಟಿನ ಸೊಪ್ಪು, ತೊಗರಿಬ್ಯಾಳೆ. ದಿನಾ ಬಸ್ಸಾರೇ ಮಾಡ್ದೆ. ಬಾಯಿಗೆ ರುಚಿ ಅಂದ್ರು, ಎರಡೆರಡು ಸಲ ಇಸ್ಕೊಂಡು ಉಂಡ್ರು.”

ಪೆನ್ನು ಅಲ್ಲೇ ನಿಂತಿತು. ಸೊಪ್ಪಿನ ಪೊಟ್ಯಾಸಿಯಂ ಬೆಂದ ನೀರಿಗೆ ಇಳಿಯುತ್ತದೆ. ಅದಕ್ಕೇ ಬೇಯಿಸಿ ಬಸಿಯುವುದು. ಆ ನೀರೇ ಬಸ್ಸಾರು. ಸೊಪ್ಪನ್ನು ಪಲ್ಯ ಮಾಡಿ ಮನೆಮಂದಿಯೆಲ್ಲ ತಿಂದರು, ತೆಗೆಯಬೇಕಾಗಿದ್ದದ್ದು ಪೂರ್ತಾ ಇವರ ತಟ್ಟೆಗೆ ಬಿತ್ತು. ಮಂಡ್ಯದ ಹೆಂಗಸಿಗೆ ‘ಸೊಪ್ಪು ಬಸಿ’ ಎಂದರೆ ಆಕೆ ಮತ್ತೇನು ಮಾಡಿಯಾಳು? ನಮ್ಮ ಮನೆಯಲ್ಲೂ ವಾರಕ್ಕೊಮ್ಮೆ ಬಸ್ಸಾರು ಮಾಡುತ್ತಾರೆ. ‘ಚೆಲ್ಲಿ’ ಎಂಬ ಎರಡಕ್ಷರ ನನ್ನ ಬಾಯಿಂದ ಬಂದಿರಲಿಲ್ಲ, ಅಷ್ಟೇ.

ತಪ್ಪು ನನ್ನದು ಎಂದೆ. ಅವರಿಗೆ ಅದು ಕೇಳಿಸಲೇ ಇಲ್ಲ. “ಚೆಲ್ಲದಾ? ಬಸ್ದ ನೀರ್ನ ಚೆಲ್ಲಕ್ಕೆ ಮನಸ್ ಬತ್ತದ ಕಣವ್ವ?” ಹಾಸಿಗೆಯ ಮೇಲಿಂದ ಗಂಡ, “ಹೇಳ್ದಂಗೆ ಮಾಡು, ಸುಮ್ಕಿರು” ಎಂದರು. ಆಕೆ ಸುಮ್ಮನಾದರು, ಒಪ್ಪಲಿಲ್ಲ. ಒಪ್ಪದಿದ್ದರೆ ಮನೆಗೆ ಹೋದ ಮೂರನೇ ದಿನ ಮತ್ತೆ ಬಸ್ಸಾರೇ.

ಶನಿವಾರ ಬೆಳಿಗ್ಗೆ ಅಡುಗೆಮನೆಯಲ್ಲಿ ಇದನ್ನೇ ಹೇಳಿಕೊಂಡೆ. ಅಡುಗೆಯಣ್ಣ ಸೌಟು ತಿರುವುತ್ತಲೇ, “ಅವರ ಮನೇಲಿ ದನ ಐತಾ ಕೇಳು” ಎಂದ.

ಮೇಲೆ ಓಡಿದೆ. ಎರಡು ಹಸು, ಒಂದು ಕರು.

“ಹಂಗಾರೆ ಕಲಗಚ್ಚಿಗೆ ಹಾಕ್ಬೋದಲ್ಲ!” ನಾನು ಬಾಯಿ ತೆರೆಯುವ ಮೊದಲೇ ಆಕೆ ಅಂದರು. ಮುಖ ಸಡಿಲಾಯಿತು. ಆಮೇಲೆ ಎಲ್ಲವೂ ಸಲೀಸು. ಹೀರೆಕಾಯಿ, ಸೋರೆಕಾಯಿ, ಪಡವಲಕಾಯಿ ಹೋಳು ಮಾಡಿ, ಬೇಯಿಸಿ, ನೀರು ತೆಗೆದು ಒಗ್ಗರಣೆ. ಸಾರು ಬೇಕೆಂದರೆ ಒಂದೇ ಸೌಟು, ಬಸಿದ ನೀರು ಸೋಕದ್ದು. ಮೊಟ್ಟೆಯ ಬಿಳಿಭಾಗದ ಮಾತು ಬಂದಾಗ, “ಸೋಮವಾರ, ಶನಿವಾರ ಮುಟ್ಟಾಕಿಲ್ಲ” ಎಂದರು. ಇದನ್ನೂ ನಾನು ಮೊದಲು ಕೇಳಿರಲಿಲ್ಲ. ಆ ಎರಡು ದಿನಕ್ಕೆ ಬೇರೆ ಲೆಕ್ಕ ಹಾಕಿದೆ.

ಅಚ್ಚಿನ ಚಾರ್ಟು ಬದಿಗಿಟ್ಟು, ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದೆ. ಗ್ರಾಂ ಇದ್ದಲ್ಲಿ ಸೌಟು, ಹಿಡಿ, ನಿಂಬೆಗಾತ್ರ. ಆಕೆಗೆ ಓದು ಬಾರದು, ಮಗಳು ಓದಿ ಹೇಳುತ್ತಾಳಂತೆ. ಕೊನೆಯ ಸಾಲು: ‘ಸೊಪ್ಪು, ತರಕಾರಿ ಬಸಿದ ನೀರು ಕಲಗಚ್ಚಿಗೆ.’

ಸಹಿಗೆ ಮೇಡಂ ಬಳಿ ಒಯ್ದೆ. ಅವರು ಕನ್ನಡಕ ಮೇಲೇರಿಸಿ ಎರಡು ಸಲ ಓದಿದರು. ಏನನ್ನೂ ಹೊಡೆದುಹಾಕಲಿಲ್ಲ. ಕೆಳಗೆ ಸಹಿ ಮಾಡಿ, ಇದರದ್ದೊಂದು ಜೆರಾಕ್ಸ್ ತೆಗೆಸಿ ಡಯಾಲಿಸಿಸ್ ಘಟಕದ ಗೋಡೆಗೆ ಅಂಟಿಸು ಎಂದರು.